ಧೂಮರೇಖೆ, ತೈಲಬಿಂದು

ಧಾರವಾಡದ ಹಳೆಯ ಹಂಚಿನ ಮನೆಗಳಲ್ಲಿ, ಅದು ಮಾಳಮಡ್ಡಿಯಾಗಲಿ ಹೊಸಯಲ್ಲಾಪುರದ ಓಣಿಯಾಗಲಿ, ಬೆಳಕಿಂಡಿಯಿಂದ ಓರೆಯಾಗಿ ಇಳಿದ ಬಿಸಿಲುಕೋಲಿನೊಳಗೆ ಒಲೆಯ ಹೊಗೆಯು ಸುಳಿಯಾಗಿ ಏರುತ್ತ, ಮಡಿಕೆಗೊಳ್ಳುತ್ತ, ಚದುರಿಹೋಗುತ್ತಿದ್ದ ನೋಟವನ್ನು ಕಂಡವರಿಗೆ, ಕತ್ತಲೆಯ ಹಿನ್ನೆಲೆಯಲ್ಲಿ ಮಗ್ಗುಲಿನಿಂದ ಬಂದ ಬೆಳಕೇ ಹೊಗೆಗೆ ಮೈಯನ್ನು ಕೊಡುತ್ತದೆಂಬ ತತ್ತ್ವವನ್ನು ಬೇರೆಯಾಗಿ ಬೋಧಿಸಬೇಕಾದುದಿಲ್ಲ. ಊದಿನಕಡ್ಡಿಯ ಹೊಗೆಯಿಂದಲೂ, ನೀರಿನ ಮೇಲೆ ತೇಲುವ ಅಡುಗೆಯೆಣ್ಣೆಯ ಹನಿಗಳಿಂದಲೂ ಮನೆಯಲ್ಲಿಯೇ ಅಮೂರ್ತ ಛಾಯಾಚಿತ್ರಗಳನ್ನು ತೆಗೆಯುವ ಕಲೆಯು ನಿಂತಿರುವುದು ಇಂತಹ ಸಾಮಾನ್ಯ ದರ್ಶನಗಳ ಮೇಲೆಯೇ.

ಈ ಕಲೆಗೆ ಶತಮಾನಕ್ಕೂ ಮಿಕ್ಕ ಪೂರ್ವವೃತ್ತಾಂತವುಂಟು. ಫ್ರಾನ್ಸಿನ ಶರೀರಶಾಸ್ತ್ರಜ್ಞ ಎಟಿಯೆನ್ ಜೂಲ್ ಮರೇ ಎಂಬಾತನು 1899ರಿಂದ 1901ರವರೆಗೆ, ಗಾಜಿನ ಮುಖವುಳ್ಳ ಪೆಟ್ಟಿಗೆಯಲ್ಲಿ ಹೊಗೆಯ ಸಮಾಂತರವಾದ ಎಳೆಗಳನ್ನು ಹರಿಯಗೊಟ್ಟು, ಅವುಗಳ ದಾರಿಗೆ ಅಡ್ಡಲಾಗಿ ನಾನಾ ಆಕಾರದ ವಸ್ತುಗಳನ್ನಿರಿಸಿ, ಮೆಗ್ನೀಷಿಯಂ ಜ್ವಾಲೆಯ ಬೆಳಕಿನಲ್ಲಿ ಅವುಗಳ ಚಿತ್ರಗಳನ್ನು ತೆಗೆದನು. ಗಾಳಿಯ ಚಲನೆಯನ್ನು ಅರಿಯುವುದಷ್ಟೇ ಅವನ ಉದ್ದೇಶವಾಗಿದ್ದರೂ, ಆ ಚಿತ್ರಗಳು ಇಂದು ಕಲಾಸಂಗ್ರಹಾಲಯಗಳ ಗೋಡೆಯನ್ನೇರಿವೆ. 1917ರಲ್ಲಿ ಲಂಡನ್ನಿನಲ್ಲಿ ಆಲ್ವಿನ್ ಲ್ಯಾಂಗ್ಡನ್ ಕೋಬರ್ನ್ ಮೂರು ಕನ್ನಡಿಗಳನ್ನು ತ್ರಿಕೋಣವಾಗಿ ಜೋಡಿಸಿ ತೆಗೆದ ಚಿತ್ರಗಳಾದರೋ ಅಮೂರ್ತವಾಗಬೇಕೆಂಬ ಸಂಕಲ್ಪದಿಂದಲೇ ಹುಟ್ಟಿದವು. ನಮ್ಮ ನಾಡಿನ ಛಾಯಾಚಿತ್ರಣಕ್ಕೆ ಕೀರ್ತಿ ಬಂದುದು ಬಹುಮಟ್ಟಿಗೆ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರ ವನ್ಯಜೀವಿ ಚಿತ್ರಗಳಿಂದ. ಅಂತಹ ಕೆಲಸಕ್ಕೆ ಕಾಡೂ ಬೇಕು, ದಿನಗಟ್ಟಲೆ ಕಾಯುವ ಅವಕಾಶವೂ ಬೇಕು. ಇದಕ್ಕಾದರೋ ಒಂದು ನಡುಮನೆ ಸಾಕು.

ಹೊಗೆಯ ಚಿತ್ರಕ್ಕೆ ಬೇಕಾದ ಸಾಮಗ್ರಿ ಅತ್ಯಲ್ಪ. ಕಿಟಕಿ ಬಾಗಿಲುಗಳನ್ನು ಮುಚ್ಚಿ ಫ್ಯಾನು ನಿಲ್ಲಿಸಿದ ಕೋಣೆ, ಬೆಳಕನ್ನು ನುಂಗುವ ಕಪ್ಪು ಮಖಮಲ್ಲು, ಅದರಿಂದ ಎರಡು ಮೂರು ಅಡಿ ಮುಂದಕ್ಕೆ ನಿಲ್ಲಿಸಿದ ಊದಿನಕಡ್ಡಿ, ಮತ್ತು ಪಕ್ಕದಿಂದ ಬೀಳುವ ಒಂದು ಫ್ಲ್ಯಾಶ್. ಫ್ಲ್ಯಾಶಿನ ಎರಡು ಮಗ್ಗುಲಿಗೂ ರಟ್ಟಿನ ಮರೆ ಕಟ್ಟಿ, ಬೆಳಕು ಬಟ್ಟೆಯ ಮೇಲಾಗಲಿ ಕ್ಯಾಮೆರಾದ ಮಸೂರದ ಮೇಲಾಗಲಿ ಬೀಳದಂತೆ ತಡೆಯಬೇಕು. ಇದೊಂದನ್ನು ಅಲಕ್ಷಿಸಿದರೆ ಮಿಕ್ಕ ಶ್ರಮವೆಲ್ಲ ವ್ಯರ್ಥ. ಫ್ಲ್ಯಾಶಿನ ಶಕ್ತಿಯನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಿದಲ್ಲಿ ಮಿಂಚಿನ ಅವಧಿಯೂ ಕುಗ್ಗಿ, ಚಲಿಸುವ ಹೊಗೆಯ ಅಂಚು ಕದಡದೆ ಸ್ಫುಟವಾಗಿ ಮೂಡುತ್ತದೆ. ಕೆಂಡದಿಂದ ಮೇಲಕ್ಕೆ ಸ್ವಲ್ಪ ದೂರ ಹೊಗೆಯು ನೂಲೆಳೆದಂತೆ ನೆಟ್ಟಗೆ ಏರುತ್ತದೆ; ಕಾದ ಗಾಳಿಯು ಏರುತ್ತ ಏರುತ್ತ ವೇಗಗೊಂಡು, ಅದರ ಜಡತ್ವವು ಸ್ನಿಗ್ಧತೆಯನ್ನು ಮೀರಿದೊಡನೆ ಆ ಎಳೆಯು ಮೊದಲು ಅಲುಗಿ, ಬಳಿಕ ಸುರುಳಿಗೊಂಡು, ಕಡೆಗೆ ಛಿದ್ರವಾಗುತ್ತದೆ. ಶಾಂತಪ್ರವಾಹವು ಕ್ಷೋಭೆಗೆ ತಿರುಗುವ ಈ ಸಂಧಿಯನ್ನು ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯ ನೀರಿನೊಳಗೆ ಬಣ್ಣದ ಎಳೆಯನ್ನು ಹರಿಸಿ ಶಾಸ್ತ್ರೀಯವಾಗಿ ನಿರೂಪಿಸಿದನು. ಛಾಯಾಚಿತ್ರಗಾರನು ಕಾದುಕೊಂಡಿರಬೇಕಾದುದೂ ಈ ಸಂಧಿಯನ್ನೇ, ಏಕೆಂದರೆ ಅದಕ್ಕೆ ಕೆಳಗೆ ಬರಿಯ ಗೆರೆ, ಮೇಲೆ ಬರಿಯ ಮಸುಕು. ಮೇಲಿನಿಂದ ಒಂದು ಚಮಚವನ್ನು ಅಡ್ಡಹಿಡಿದರೆ ಸುರುಳಿಗಳು ಇಬ್ಭಾಗವಾಗಿ ಬೇರೊಂದು ವಿನ್ಯಾಸವನ್ನು ತಾಳುತ್ತವೆ. ಎಳೆಯ ಹೊಗೆಯಲ್ಲಿ ಕಾಣುವ ತೆಳುನೀಲಿಯು ಯಾರೂ ಬಳಿದ ಬಣ್ಣವಲ್ಲ; ಅದರ ಅತಿಸೂಕ್ಷ್ಮ ಕಣಗಳು ನೀಲಿಯ ಕಿರಣಗಳನ್ನೇ ಹೆಚ್ಚಾಗಿ ಚದುರಿಸುವುದರಿಂದ ಅದು ತಾನಾಗಿ ಮೂಡುತ್ತದೆ. ಕೆಲವು ಚಿತ್ರಗಳಾಗುವಷ್ಟರಲ್ಲಿ ಕೋಣೆಯೆಲ್ಲ ಹೊಗೆ ತುಂಬಿ ಹಿನ್ನೆಲೆಯ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ. ಆಗ ಕಿಟಕಿಗಳನ್ನು ತೆರೆದು ಕಾಯುವುದೇ ಉಪಾಯ. ಮನೆಯಲ್ಲಿ ದಮ್ಮಿನ ತೊಂದರೆಯವರಿದ್ದರೆ ಈ ಪ್ರಯೋಗಕ್ಕೆ ಕೈಹಾಕದಿರುವುದೇ ಲೇಸು.

ಎಣ್ಣೆಯ ಚಿತ್ರಗಳ ಸೊಬಗು ಬೇರೆಯದು. ಸಪಾಟು ತಳದ ಗಾಜಿನ ಪಾತ್ರೆಯನ್ನು ಎರಡು ಪುಸ್ತಕದ ಒಟ್ಟಿಲುಗಳ ಮೇಲೆ ಸುಮಾರು ಒಂದಡಿ ಎತ್ತರದಲ್ಲಿರಿಸಿ, ನೀರು ತುಂಬಿ, ಉತ್ತರ ಕರ್ನಾಟಕದ ಅಡುಗೆಮನೆಗಳ ಪರಿಚಿತವಾದ ಕುಸುಬಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಕೆಲವು ಹನಿ ಬಿಡಬೇಕು. ನೀರಿಗಿಂತ ಹಗುರಾದ ಎಣ್ಣೆಯು ತೇಲುತ್ತ, ತನ್ನ ಮೇಲ್ಮೈಯನ್ನು ಆದಷ್ಟು ಕುಗ್ಗಿಸಿಕೊಳ್ಳುವ ಒತ್ತಾಯದಿಂದ ದುಂಡಗಾಗುತ್ತದೆ. ಪಾತ್ರೆ ತೊಳೆಯುವ ಸಾಬೂನಿನ ದ್ರವವನ್ನು ಒಂದೇ ಹನಿ ಬೆರೆಸಿ ಕಲಕಿದಲ್ಲಿ ದೊಡ್ಡ ಹನಿಗಳು ಒಡೆದು ಅಸಂಖ್ಯ ಸಣ್ಣ ಗುಳ್ಳೆಗಳಾಗುತ್ತವೆ. ಇನ್ನು ಪಾತ್ರೆಯ ಕೆಳಗೆ ಇಳಕಲ್ಲ ಸೀರೆಯ ಕೆಂಪು ಸೆರಗನ್ನು ಹಾಸಿ, ದೀಪದ ಬೆಳಕು ಸೆರಗಿನ ಮೇಲೆ ಮಾತ್ರ ಬೀಳುವಂತೆ ಮಾಡಿ, ಮೇಲಿನಿಂದ ನೋಡಬೇಕು! ಬೆಳಕನ್ನು ಬಗ್ಗಿಸುವ ಶಕ್ತಿ ನೀರಿಗಿಂತಲೂ ಎಣ್ಣೆಗೆ ಅಧಿಕವಾದುದರಿಂದ ಒಂದೊಂದು ಹನಿಯೂ ಒಂದೊಂದು ಮಸೂರವಾಗಿ, ಸೆರಗಿನ ಕೆಂಪನ್ನೂ ಬಿಳಿಯ ತೆನೆಗಳನ್ನೂ ತನ್ನೊಳಗೆ ಪುಟ್ಟದಾಗಿ, ತಲೆಕೆಳಗಾಗಿ ಧರಿಸಿಕೊಂಡಿರುತ್ತದೆ. ಹನಿಯ ಅಂಚಿಗೆ ಫೋಕಸ್ ಮಾಡಿದರೆ ಬಣ್ಣಗಳು ಮೃದುವಾದ ಚಕ್ರಗಳಾಗಿ ಹರಡುತ್ತವೆ. ಮಳೆ ನಿಂತ ಮೇಲೆ ರಸ್ತೆಯ ಎಣ್ಣೆಕಲೆಯಲ್ಲಿ ಹೊಳೆಯುವ ಕಾಮನಬಿಲ್ಲು ಇದಲ್ಲ. ಅದು ಅತಿ ತೆಳುವಾದ ಪೊರೆಯ ಎರಡು ಮೈಗಳಿಂದ ಪ್ರತಿಫಲಿಸಿದ ಅಲೆಗಳು ಒಂದನ್ನೊಂದು ಸಂಧಿಸುವುದರಿಂದ ಹುಟ್ಟುವ ಬಣ್ಣ. ಅಂತಹ ಬಣ್ಣಗಳ ಬಂಧುವರ್ಗಕ್ಕೆ ಸೇರಿದ ಒಂದನ್ನು, ಎಂದರೆ ಮೊಟ್ಟೆಯ ಬಿಳಿಯಂತಹ ದ್ರವವನ್ನು ಗಾಳಿಗುಳ್ಳೆಗಳೊಡನೆ ಎರಡು ಗಾಜುಗಳ ನಡುವೆ ಒತ್ತಿದಾಗ ಕಾಣುವ ವರ್ಣಗಳನ್ನು, ಸರ್ ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ ಅಧ್ಯಯನಮಾಡಿ 1921ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರೆಂಬುದನ್ನು ಇಲ್ಲಿ ನೆನೆಯಬೇಕು. ಗುಳ್ಳೆಯೊಂದನ್ನು ನಿಟ್ಟಿಸುವುದು ಮಹಾವಿಜ್ಞಾನಿಗೂ ಕಿರಿದಾದ ಕೆಲಸವಾಗಿರಲಿಲ್ಲ.

ಇಂತಹ ಚಿತ್ರದಲ್ಲಿ ಏನಿದೆ ಎಂದು ಕೇಳುವವರುಂಟು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಇವರ ಗಾಯನವನ್ನು ಕೇಳಿ ಬೆಳೆದ ಈ ಅವಳಿ ನಗರದಲ್ಲಿ ಆ ಪ್ರಶ್ನೆ ಹುಟ್ಟಬಾರದೆಂಬುದು ನನ್ನ ಅಭಿಪ್ರಾಯ. ತೋಡಿಯ ಆಲಾಪದಲ್ಲಿ ಏನಿದೆಯೆಂದು ಇಲ್ಲಿಯ ಯಾವ ಶ್ರೋತೃವೂ ಕೇಳುವುದಿಲ್ಲ. ಸ್ವರಕ್ಕೂ ಸ್ವರಕ್ಕೂ ಇರುವ ಸಂಬಂಧವೇ ಅಲ್ಲಿಯ ವಸ್ತು. ಇಲ್ಲಿಯೂ ಗೆರೆಗೂ ಗೆರೆಗೂ, ಬೆಳಕಿಗೂ ಕತ್ತಲೆಗೂ ಇರುವ ಸಂಬಂಧವೇ ವಸ್ತು. ಈ ಕಾರಣದಿಂದಲೇ ಹೊಗೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಕನ್ನಡಿಬಿಂಬವಾಗಿ ಜೋಡಿಸಿ, ಅದರಲ್ಲಿ ಗಣಪತಿಯನ್ನೋ ರಾಕ್ಷಸನನ್ನೋ ತೋರಿಸುವ ಇಂದಿನ ರೂಢಿ ನನಗೆ ಒಪ್ಪಿಗೆಯಾಗುವುದಿಲ್ಲ. ಹಾಗೆ ಮಾಡಿದಾಗ ನೋಡುವವನ ಕಣ್ಣು ಮುಖವನ್ನು ಹುಡುಕುವ ಆಟದಲ್ಲಿ ತೊಡಗಿ, ಗೆರೆಯ ಲಾಲಿತ್ಯವನ್ನು ನೋಡದೆ ಹೋಗುತ್ತದೆ. ಕಪ್ಪನ್ನು ಬಿಳಿಯಾಗಿ ಮಗುಚುವುದು ಮಾತ್ರ ಸಲ್ಲುವ ಕ್ರಮ. ನೀಲಿಯ ಹೊಗೆ ಆಗ ಕಂದುಬಣ್ಣದ ರೇಖಾಚಿತ್ರವಾಗುತ್ತದೆ, ರೂಪವಾದರೋ ಇದ್ದಂತೆಯೇ ಉಳಿಯುತ್ತದೆ.

ಹೊಸದಾಗಿ ತೊಡಗುವವರು ಮೊದಲು ಎಣ್ಣೆಯನ್ನೇ ಹಿಡಿಯುವುದು ಒಳ್ಳೆಯದು. ಹೊಗೆಯ ರೂಪ ಅರೆಕ್ಷಣವೂ ನಿಲ್ಲದು. ಎಣ್ಣೆಯ ಹನಿಗಳಾದರೋ, ಅಕ್ಕಪಕ್ಕದಲ್ಲಿ ಯಾರೂ ಓಡಾಡದಿದ್ದರೆ, ಚೌಕಟ್ಟನ್ನು ಸಾವಕಾಶವಾಗಿ ಆಯ್ದುಕೊಳ್ಳುವಷ್ಟು ಹೊತ್ತು ನಿಂತಿರುತ್ತವೆ, ಮತ್ತು ಮೊಬೈಲಿನ ಕಣ್ಣಿಗೆ ಸಿಕ್ಕಿಸುವ ಸಣ್ಣ ಮ್ಯಾಕ್ರೋ ಮಸೂರವೊಂದಿದ್ದರೂ ಕೆಲಸ ಸಾಗುತ್ತದೆ. ಹೊಗೆಗೆ ಶ್ರಾವಣದ ದಿನಗಳು ಪ್ರಶಸ್ತ. ಧಾರವಾಡದ ಜಿಟಿಜಿಟಿ ಮಳೆಗೆ ಕಿಟಕಿಗಳು ಹೇಗೂ ಮುಚ್ಚಿಯೇ ಇರುತ್ತವೆ.