ಎಂಟು ಗಂಟೆಯ ಪರೀಕ್ಷೆಯೂ ಕಾಲದ ಹಂಚಿಕೆಯೂ

ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವ ಬೂಕನಕೆರೆಯಂತಹ ಊರುಗಳಿಗೆ ಹೊತ್ತನ್ನು ಅಳೆದು ಹಂಚುವ ವಿದ್ಯೆ ಹೊಸದಲ್ಲ. ನಮ್ಮ ಸೀಮೆಯ ಕೆರೆಗಳಲ್ಲಿ ತೂಬನ್ನೆತ್ತಿ ಗದ್ದೆ ಗದ್ದೆಗೂ ಸರದಿಯಂತೆ ನೀರು ಬಿಡುವ ಕೆಲಸ ನೀರಗಂಟಿಯದು. ಒಂದು ಗದ್ದೆಯ ಬದು ಒಡೆದು ನೀರು ಸೋರಿಹೋಗುತ್ತಿದ್ದರೆ, ಅದು ತುಂಬುವವರೆಗೂ ಆತನು ಅಲ್ಲಿಯೇ ಕಾದು ನಿಲ್ಲುವುದಿಲ್ಲ. ಗೊತ್ತಾದ ಹೊತ್ತು ಮುಗಿದೊಡನೆ ಮಡೆಯನ್ನು ಕಟ್ಟಿ ನೀರನ್ನು ಮುಂದಕ್ಕೆ ತಿರುಗಿಸುತ್ತಾನೆ. ಹಾಗೆ ಮಾಡದಿದ್ದಲ್ಲಿ ಸೋರುವ ಗದ್ದೆಯೂ ತುಂಬದು, ಕೊನೆಯ ಗದ್ದೆಗಳೂ ಒಣಗುವುವು. ಈ ಸೀಮೆಯ ಮನೆಗಳ ಮಕ್ಕಳು ಇಂದು ಕೃಷ್ಣರಾಜಪೇಟೆ, ಮಂಡ್ಯ, ಮೈಸೂರುಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ, ಕಂಪ್ಯೂಟರ್ ಜಾಲದ ಉದ್ಯೋಗಗಳನ್ನು ಅರಸಿ ಬೆಂಗಳೂರಿಗೆ ಹೋಗುತ್ತಿದ್ದಾರೆ. ಅಲ್ಲಿ ಅವರಲ್ಲಿ ಕೆಲವರು ಎದುರಿಸತಕ್ಕ ಒಂದು ಕಠಿಣ ಪರೀಕ್ಷೆಯಲ್ಲಿ ಗೆಲವು ಸೋಲುಗಳು ಬಹುಮಟ್ಟಿಗೆ ಈ ನೀರಗಂಟಿಯ ನೀತಿಯನ್ನೇ ಅವಲಂಬಿಸಿರುವುದರಿಂದ, ಆ ವಿಷಯವನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಕಂಪ್ಯೂಟರ್ ಜಾಲವೆಂದರೆ ಬೇರೆ ಬೇರೆ ಸ್ಥಳಗಳಲ್ಲಿರುವ ಕಂಪ್ಯೂಟರುಗಳು ಒಂದರೊಡನೊಂದು ಮಾತನಾಡುವಂತೆ ಕೂಡಿಸಿರುವ ಏರ್ಪಾಡು. ಒಂದು ಕಟ್ಟಡದೊಳಗಿನ ಕಂಪ್ಯೂಟರುಗಳನ್ನು ಸೇರಿಸುವ ಯಂತ್ರಕ್ಕೆ ಸ್ವಿಚ್ ಎಂದೂ, ಒಂದು ಜಾಲದಿಂದ ಇನ್ನೊಂದಕ್ಕೆ ಸುದ್ದಿಯನ್ನು ದಾಟಿಸುವ ಯಂತ್ರಕ್ಕೆ ರೂಟರ್ ಎಂದೂ ಹೆಸರು. ಬ್ಯಾಂಕಿನ ಲೆಕ್ಕವಾಗಲಿ, ರೈಲಿನ ಟಿಕೆಟ್ಟಾಗಲಿ, ವಿದೇಶದಲ್ಲಿರುವ ಮಗಳ ಮುಖವನ್ನು ಮನೆಯಲ್ಲಿ ಕುಳಿತು ಕಾಣುವ ಸೌಕರ್ಯವಾಗಲಿ, ಎಲ್ಲವೂ ಇವುಗಳ ಮೂಲಕವೇ ಸಾಗತಕ್ಕದ್ದು. ಈ ಯಂತ್ರಗಳನ್ನು ತಯಾರಿಸುವ ಸಂಸ್ಥೆಗಳಲ್ಲಿ ೧೯೮೪ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಸಿಸ್ಕೋ ಎಂಬುದು ಪ್ರಸಿದ್ಧವಾದುದು. ಅದು ೧೯೯೩ರಲ್ಲಿ ಸಿ.ಸಿ.ಐ.ಇ. ಎಂಬ ಪರೀಕ್ಷೆಯನ್ನು ಆರಂಭಿಸಿತು. ಇದರ ಮುಖ್ಯ ಭಾಗದಲ್ಲಿ ಕೇವಲ ಓದಿದ್ದನ್ನು ಬರೆದರೆ ಸಾಲದು. ಕೊಟ್ಟ ಜಾಲವನ್ನು ಕೈಯಾರೆ ಕಟ್ಟಬೇಕು, ಕೆಟ್ಟಿರುವುದನ್ನು ಹುಡುಕಿ ಸರಿಪಡಿಸಬೇಕು. ಮೊದಲಿನಲ್ಲಿ ಎರಡು ದಿನಗಳು ನಡೆಯುತ್ತಿದ್ದ ಈ ಪ್ರಯೋಗಪರೀಕ್ಷೆಯನ್ನು ೨೦೦೧ರಲ್ಲಿ ಒಂದೇ ದಿನದ ಎಂಟು ಗಂಟೆಗಳಿಗೆ ಇಳಿಸಲಾಯಿತು. ಇದಕ್ಕಾಗಿ ಬೆಂಗಳೂರಿನಲ್ಲಿಯೂ ಕೇಂದ್ರವನ್ನು ಏರ್ಪಡಿಸಿರುವುದರಿಂದ ನಮ್ಮವರು ಇದಕ್ಕಾಗಿ ಕಡಲು ದಾಟಬೇಕಾಗಿಲ್ಲ.

ಆದರೆ ವೆಚ್ಚ ಅಲ್ಪವಲ್ಲ. ಒಂದು ಸಲದ ಶುಲ್ಕವೇ ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಸೋತು ಮತ್ತೆ ಕುಳಿತರೆ ಮತ್ತೆ ಅಷ್ಟನ್ನೂ ಕಟ್ಟಬೇಕು. ಬೇಸಾಯದ ಮನೆಯೊಂದಕ್ಕೆ ಇದು ಒಂದು ಬೆಳೆಯ ಹಣವಾದರೂ ಆದೀತು. ವಿದ್ಯೆ ಸಾಲದೆ ಸೋತರೆ ಅದು ನ್ಯಾಯ. ವಿದ್ಯೆಯಿದ್ದೂ ಹೊತ್ತು ಸಾಲದೆ ಸೋತರೆ ಅದು ತಡೆಯಬಹುದಾಗಿದ್ದ ನಷ್ಟ. ನಾವಿಲ್ಲಿ ಹೇಳಹೊರಟಿರುವುದು ಈ ಎರಡನೆಯದನ್ನು ಕುರಿತು.

೨೦೨೦ರಿಂದ ಈ ಪರೀಕ್ಷೆಯನ್ನು ಎರಡು ಭಾಗಗಳಾಗಿ ವಿಂಗಡಿಸಿದ್ದಾರೆ. ಮೊದಲನೆಯದು ಮೂರು ಗಂಟೆಗಳ ಯೋಜನಾಭಾಗ. ಇದರಲ್ಲಿ ಒಂದು ಕಂಪೆನಿಯ ಪತ್ರಗಳನ್ನೂ ನಕ್ಷೆಗಳನ್ನೂ ಕೊಟ್ಟು, ಜಾಲವನ್ನು ಹೇಗೆ ರಚಿಸುವುದು ಯುಕ್ತವೆಂದು ಕೇಳುತ್ತಾರೆ; ಉತ್ತರವನ್ನು ಒಪ್ಪಿಸಿ ಮುಂದೆ ಹೋದ ಮೇಲೆ ಹಿಂದಿರುಗುವಂತಿಲ್ಲ. ಎರಡನೆಯದು ಐದು ಗಂಟೆಗಳ ಕಾರ್ಯಭಾಗ. ಇದರಲ್ಲಿ ಮುಂದಕ್ಕೂ ಹಿಂದಕ್ಕೂ ಇಷ್ಟದಂತೆ ಹೋಗಬಹುದು. ಈ ಭೇದವನ್ನು ಅರಿಯದವನು ಮೊದಲಿನಲ್ಲಿ ಅವಸರಪಟ್ಟು, ಎರಡನೆಯದರಲ್ಲಿ ಒಂದೇ ಕಡೆ ಕುಳಿತುಬಿಡುತ್ತಾನೆ. ಮಾಡಬೇಕಾದುದು ಇದಕ್ಕೆ ತಿರುಗುಮುರುಗು. ಹಿಂದಿರುಗಲಾಗದ ಕಡೆ ನಿಧಾನವಾಗಿ ಓದಿ ತೀರ್ಮಾನಿಸಬೇಕು. ಹಿಂದಿರುಗಬಹುದಾದ ಕಡೆ ತೊಡಕು ಬಂದೊಡನೆ ಬಿಟ್ಟು ಮುಂದೆ ನಡೆಯಬೇಕು.

ಐದು ಗಂಟೆಗಳೆಂದರೆ ಮುನ್ನೂರು ನಿಮಿಷಗಳು. ಇವುಗಳಲ್ಲಿ ಮೊದಲ ಇಪ್ಪತ್ತು ಇಪ್ಪತ್ತೈದು ನಿಮಿಷಗಳು ಯಂತ್ರವನ್ನು ಮುಟ್ಟದೆ ಓದುವುದಕ್ಕೆ ಮೀಸಲಾಗಿರಲಿ. ಪ್ರಶ್ನೆಗಳೆಲ್ಲವನ್ನೂ ಒಮ್ಮೆ ಓದಿ, ಜಾಲದ ಚಿತ್ರವನ್ನು ಕಾಗದದ ಮೇಲೆ ಬರೆದುಕೊಂಡು, ಯಾವುದು ಯಾವುದನ್ನು ಆಶ್ರಯಿಸಿದೆಯೆಂದು ಗುರುತಿಸಬೇಕು. ಇದು ಕಳೆದ ಹೊತ್ತಲ್ಲ. ಹತ್ತನೆಯ ಪ್ರಶ್ನೆಯು ಎರಡನೆಯದರ ಕೆಲಸವನ್ನು ಕೆಡಿಸುವಂತಿದ್ದರೆ ಅದು ಮೊದಲೇ ಕಣ್ಣಿಗೆ ಬೀಳುವುದು. ಕೊನೆಯ ಒಂದು ಗಂಟೆಯನ್ನು ಪರಿಶೀಲನೆಗೂ, ಬಿಟ್ಟುಬಂದ ತೊಡಕುಗಳಿಗೂ ಕಾದಿರಿಸಬೇಕು. ನಡುವೆ ಉಳಿಯುವ ಇನ್ನೂರ ಹದಿನೈದು ನಿಮಿಷಗಳನ್ನು ಪ್ರಶ್ನೆಗಳ ಅಂಕಗಳಿಗೆ ತಕ್ಕಂತೆ ಹಂಚಿ, ಪ್ರತಿಯೊಂದರ ಎದುರಿಗೂ ಅದರ ಗಡುವನ್ನು ಬರೆದಿಡಬೇಕು. ಗಡುವು ಮುಗಿದ ಕೂಡಲೆ ಒಂದು ಗುರುತು ಹಾಕಿ ಏಳಬೇಕು. ಪ್ರಶ್ನೆಯ ನಿಬಂಧನೆಗಳೆಲ್ಲವೂ ನೆರವೇರಿದರೆ ಮಾತ್ರ ಅಂಕ. ಮುಕ್ಕಾಲು ಕೆಲಸಕ್ಕೆ ಮುಕ್ಕಾಲು ಅಂಕವೆಂಬ ದಾಕ್ಷಿಣ್ಯವಿಲ್ಲ. ಆದುದರಿಂದ ಒಂದು ಕಠಿಣ ಪ್ರಶ್ನೆಗೆ ನಲವತ್ತು ನಿಮಿಷಗಳನ್ನು ಸುರಿದು, ಕೊನೆಯಲ್ಲಿದ್ದ ಮೂರು ಸುಲಭ ಪ್ರಶ್ನೆಗಳನ್ನು ಓದಲೂ ಆಗದೆ ಹೋಗುವುದು ಸೋರುವ ಗದ್ದೆಗೆ ನೀರು ಕಟ್ಟಿದಂತೆಯೇ ಸರಿ.

ಇದಕ್ಕೆ ಒಂದು ಅಪವಾದವುಂಟು. ತಳಹದಿಯಾದ ಕೆಲಸಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಸ್ವಿಚ್ಚುಗಳ ನಡುವಣ ಕೂಡಿಕೆ ಮೊದಲು, ಅದರ ಮೇಲೆ ಸಂಸ್ಥೆಯ ಒಳಗಿನ ದಾರಿಗಳನ್ನು ತಿಳಿಸುವ ಓ.ಎಸ್.ಪಿ.ಎಫ್., ಅದರ ಮೇಲೆ ಹೊರಗಿನ ಸಂಸ್ಥೆಗಳೊಡನೆ ವ್ಯವಹರಿಸುವ ಬಿ.ಜಿ.ಪಿ., ಹೀಗೆ ಒಂದರ ಮೇಲೊಂದು ನಿಲ್ಲತಕ್ಕದ್ದು. ಹೆಗ್ಗಾಲುವೆಯೇ ಒಡೆದಿರುವಾಗ ಕಿರುಗಾಲುವೆಯನ್ನು ತಿದ್ದಿ ಫಲವಿಲ್ಲ. ಆದಕಾರಣ ತಳದ ಕೆಲಸಕ್ಕೆ ಧಾರಾಳವಾಗಿಯೂ, ತುದಿಯ ಕೆಲಸಕ್ಕೆ ಬಿಗಿಯಾಗಿಯೂ ಗಡುವನ್ನು ಇಟ್ಟುಕೊಳ್ಳತಕ್ಕದ್ದು.

ತಾಳ್ಮೆಯೂ ಹೊತ್ತನ್ನು ಉಳಿಸುತ್ತದೆಯೆಂಬುದನ್ನು ಅನೇಕರು ಮರೆಯುವರು. ಹಳೆಯ ಪದ್ಧತಿಯ ಸ್ಪ್ಯಾನಿಂಗ್ ಟ್ರೀ ಎಂಬ ಏರ್ಪಾಡಿನಲ್ಲಿ, ಸ್ವಿಚ್ಚಿನ ಒಂದು ಬಾಯಿಗೆ ತಂತಿ ಕೂಡಿದ ಮೇಲೆ ಅದು ಸುದ್ದಿಯನ್ನು ಸಾಗಿಸಲು ಮೂವತ್ತು ಸೆಕೆಂಡುಗಳು ಹಿಡಿಯುತ್ತವೆ: ಹದಿನೈದು ಆಲಿಸುವುದಕ್ಕೆ, ಹದಿನೈದು ಕಲಿಯುವುದಕ್ಕೆ. ಹತ್ತನೆಯ ಸೆಕೆಂಡಿನಲ್ಲಿಯೇ ಗಾಬರಿಗೊಂಡ ಪರೀಕ್ಷಾರ್ಥಿಯು ಸರಿಯಾಗಿದ್ದುದನ್ನು ತಪ್ಪೆಂದು ಬಗೆದು ಅಳಿಸಿ, ಆ ಬಳಿಕ ಅರ್ಧ ಗಂಟೆ ತೊಳಲುತ್ತಾನೆ. ಯಾವ ಕೆಲಸಕ್ಕೆ ಎಷ್ಟು ಕಾಯಬೇಕೆಂಬುದನ್ನು ಬಲ್ಲವನು ಆ ಅರ್ಧ ನಿಮಿಷದಲ್ಲಿ ಮುಂದಿನ ಪ್ರಶ್ನೆಯನ್ನು ಓದುತ್ತಾನೆ. ಹಾಗೆಯೇ, ಮಾಡಿದ ಕೆಲಸವನ್ನು ಆಗಾಗ ಯಂತ್ರದ ಸ್ಥಿರ ನೆನಪಿನಲ್ಲಿ ಉಳಿಸಬೇಕು. ಉಳಿಸದೆ ಇದ್ದುದು ಯಂತ್ರ ಆರಿ ಹೊತ್ತಿಕೊಂಡರೆ ಮಾಯವಾಗುವುದು.

೨೦೧೪ರಿಂದ ೨೦೨೦ರ ಆರಂಭದವರೆಗೆ ರೂಟಿಂಗ್ ಮತ್ತು ಸ್ವಿಚಿಂಗ್ ವಿಭಾಗದಲ್ಲಿದ್ದ ಕ್ರಮವೊಂದು ಇಲ್ಲಿ ಸ್ಮರಣೀಯ. ಆಗ ದೋಷ ಹುಡುಕುವ ಭಾಗಕ್ಕೆ ಎರಡು ಗಂಟೆಗಳು; ಬೇಕಾದವರು ಇನ್ನೂ ಅರ್ಧ ಗಂಟೆಯನ್ನು ತೆಗೆದುಕೊಳ್ಳಬಹುದಾಗಿತ್ತು. ಆದರೆ ಆ ಅರ್ಧ ಗಂಟೆ ದಾನವಲ್ಲ, ಕೊನೆಯ ಭಾಗದಿಂದ ತಂದ ಸಾಲ. ಅಲ್ಲಿ ಅಷ್ಟೇ ಹೊತ್ತು ಕಡಿಮೆಯಾಗುತ್ತಿತ್ತು. ಆ ಕ್ರಮ ಈಗಿಲ್ಲವಾದರೂ ಅದರ ತಾತ್ಪರ್ಯ ಉಳಿದಿದೆ. ಒಂದು ಪ್ರಶ್ನೆಯ ಮೇಲೆ ಗಡುವು ಮೀರಿ ಕುಳಿತ ಪ್ರತಿಯೊಂದು ನಿಮಿಷವೂ ಇನ್ನೊಂದು ಪ್ರಶ್ನೆಯಿಂದ ಕಡ ತಂದುದೇ.

ಈ ಅಭ್ಯಾಸವು ಪರೀಕ್ಷೆಯ ದಿನ ಒಮ್ಮೆಗೇ ಬರತಕ್ಕದ್ದಲ್ಲ. ನಿಜವಾದ ರೂಟರುಗಳನ್ನು ಕೊಳ್ಳಲಾರದವರು ಅವುಗಳಂತೆಯೇ ವರ್ತಿಸುವ ಪ್ಯಾಕೆಟ್ ಟ್ರೇಸರ್, ಜಿ.ಎನ್.ಎಸ್. ೩ ಮುಂತಾದುವನ್ನು ಮನೆಯ ಕಂಪ್ಯೂಟರಿನಲ್ಲಿಯೇ ನಡೆಸಿ ಕಲಿಯಬಹುದು. ಪ್ಯಾಕೆಟ್ ಟ್ರೇಸರ್ ಆರಂಭದ ಪರೀಕ್ಷೆಗಳಿಗೆ ಸಾಕು. ಎಂಟು ಗಂಟೆಯ ಪರೀಕ್ಷೆಗೆ ಅದಕ್ಕಿಂತ ದೊಡ್ಡವು ಬೇಕು. ಆದರೆ ಬಹುಮಂದಿ ಹೊತ್ತಿನ ಪರಿವೆಯಿಲ್ಲದೆ ಅಭ್ಯಾಸಮಾಡುತ್ತಾರೆ. ಉತ್ತರ ಬರುವವರೆಗೂ ಕುಳಿತಿರುತ್ತಾರೆ. ಬಿಡಬೇಕಾದುದನ್ನು ಬಿಡುವ ಕಲೆಯೊಂದನ್ನು ಮಾತ್ರ ಕಲಿಯುವುದಿಲ್ಲ. ವಾರಕ್ಕೊಮ್ಮೆಯಾದರೂ ಬೆಳಗ್ಗೆ ಎಂಟರಿಂದ, ಪರೀಕ್ಷೆಯಂತೆಯೇ, ದೂರವಾಣಿಯನ್ನು ದೂರವಿಟ್ಟು ಪೂರ್ತಿ ಎಂಟು ಗಂಟೆ ಕುಳಿತು ನೋಡಬೇಕು.

ಇಲ್ಲಿಯೇ ಮನೆಯವರಿಗೂ ಒಂದು ಕೆಲಸವಿದೆ. ಗಡಿಯಾರ ಹಿಡಿಯುವುದಕ್ಕೆ ಈ ಶಾಸ್ತ್ರದ ಗಂಧವೂ ಬೇಕಾಗಿಲ್ಲ. ಮಗನೋ ಮಗಳೋ ಬರೆದುಕೊಟ್ಟ ಗಡುವಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು, "ಹದಿನೈದು ನಿಮಿಷವಾಯಿತು, ಮುಂದಕ್ಕೆ ಹೋಗು" ಎಂದು ತಾಯಿ ಹೇಳಬಹುದು, ತಾತನೂ ಹೇಳಬಹುದು. ಅಂದು ಮನೆಯ ಇತರ ಕೆಲಸಗಳಿಗೆ ಆ ಮಗುವನ್ನು ಕರೆಯದಿರಬೇಕು. ಪರೀಕ್ಷೆಗೆ ಹಿಂದಿನ ದಿನವೇ ಬೆಂಗಳೂರನ್ನು ಸೇರಿಸಿ, ಕೇಂದ್ರದ ಸಮೀಪದಲ್ಲಿ ತಂಗುವ ಏರ್ಪಾಡು ಮಾಡಬೇಕು. ಊರಿನಿಂದ ನಸುಕಿನಲ್ಲಿ ಹೊರಟು ಬೆಂಗಳೂರಿನ ವಾಹನಗಳ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡವನ ಲೆಕ್ಕಾಚಾರವು ಪರೀಕ್ಷೆಗೆ ಮೊದಲೇ ಕೆಟ್ಟಿರುತ್ತದೆ.

ಇಷ್ಟಾದರೂ ಮೊದಲ ಸಲ ತೇರ್ಗಡೆಯಾಗದೆ ಬರುವವರು ಉಂಟು. ಅಂತಹವರಿಗೆ ಕಟ್ಟಿದ ಹಣವನ್ನು ನೆನಪಿಸುವುದರಿಂದ ಪ್ರಯೋಜನವಿಲ್ಲ. ಅವರಿಗೆ ಅದು ಮರೆತಿರುವುದಿಲ್ಲ. ಯಾವ ಪ್ರಶ್ನೆಯ ಮೇಲೆ ಎಷ್ಟು ಹೊತ್ತು ಹೋಯಿತೆಂದು ಸಮಾಧಾನವಾಗಿ ಕೇಳಿ, ಅಂದೇ ಒಂದು ಕಾಗದದ ಮೇಲೆ ಬರೆಯಿಸಿಡಿರಿ. ಪ್ರಶ್ನೆಗಳು ಪರೀಕ್ಷಕರ ಗುಟ್ಟು, ಅವನ್ನು ಬರೆಯತಕ್ಕದ್ದಲ್ಲ. ಹೊತ್ತಿನ ಲೆಕ್ಕ ಮಾತ್ರ ಮನೆಯ ಸ್ವತ್ತು. ಮುಂದಿನ ಸಲದ ಹಂಚಿಕೆಯನ್ನು ಆ ಲೆಕ್ಕದಿಂದಲೇ ಆರಂಭಿಸತಕ್ಕದ್ದು.