ಎರಡೇ ಭಾಷೆ ಸಾಕೆಂದ ಪತ್ರ

ಕಳೆದ ಮಳೆಗಾಲದಲ್ಲಿ ಮಿತ್ರರೊಬ್ಬರು ನಮ್ಮ ಕೈಗೆ ಒಂದು ಪುಸ್ತಕವನ್ನಿತ್ತು, "ಮಾಸ್ತರರು ಓದಬೇಕಾದ್ದು" ಎಂದರು. ಬಹಾಯಿ ಧರ್ಮದ ಸಂಸ್ಥಾಪಕ ಬಹಾವುಲ್ಲಾ ತಮ್ಮ ಬಾಳಿನ ಕೊನೆಗಾಲದಲ್ಲಿ, 1891ರ ಸುಮಾರಿಗೆ, ಬರೆದ ದೀರ್ಘ ಪತ್ರವದು. 'ತೋಳನ ಮಗನಿಗೆ ಪತ್ರ' ಎಂದು ಅದರ ಹೆಸರು. ಶೋಘಿ ಎಫೆಂದಿಯವರ ಇಂಗ್ಲಿಷ್ ಅನುವಾದ 1941ರಲ್ಲಿ ಪ್ರಕಟವಾಯಿತು. ನಾವು ಬಹಾಯಿಗಳಲ್ಲ. ದೆಹಲಿಯ ಕಮಲಾಕಾರದ ಮಂದಿರವನ್ನು ಚಿತ್ರದಲ್ಲಿ ಕಂಡುದಷ್ಟೇ ನಮಗಿದ್ದ ಪರಿಚಯ. ಆದರೂ ಪರರ ಧರ್ಮಗ್ರಂಥವನ್ನು ಕೈಕಾಲು ತೊಳೆದೇ ಓದಬೇಕೆಂದು ಹಿರಿಯರು ಕಲಿಸಿದ್ದಾರೆ. ದಿನಕ್ಕೆ ಎರಡು ಪುಟದಂತೆ ಓದುತ್ತ ಹೋದೆವು.

ಹೆಸರಿನ ಹಿಂದೊಂದು ದಾರುಣ ಕಥೆಯಿದೆ. 1879ರಲ್ಲಿ ಇರಾನಿನ ಇಸ್ಫಹಾನ್ ನಗರದಲ್ಲಿ ಇಬ್ಬರು ಬಹಾಯಿ ಸಹೋದರರ ವಧೆಯಾಯಿತು. ಅದಕ್ಕೆ ಕಾರಣರಾದವರಲ್ಲಿ ಒಬ್ಬ ಪ್ರಮುಖ ಧರ್ಮಗುರುವಿಗೆ ಬಹಾವುಲ್ಲಾ ಇಟ್ಟ ಹೆಸರು 'ತೋಳ'. ಈ ಪತ್ರ ಆತನ ಮಗನಿಗೆ. ಅವನೂ ತಂದೆಯ ದಾರಿಯನ್ನೇ ಹಿಡಿದಿದ್ದ. ಪತ್ರ ಬರೆದವರಾದರೋ 1817ರಲ್ಲಿ ತೆಹ್ರಾನಿನಲ್ಲಿ ಹುಟ್ಟಿ, ಸೆರೆಮನೆ ಕಂಡು, 1853ರಲ್ಲಿ ಬಾಗ್ದಾದಿಗೆ ಗಡೀಪಾರಾದವರು. ಅಲ್ಲಿಂದ 1863ರಲ್ಲಿ ಇಸ್ತಾಂಬುಲಿಗೆ, ಬಳಿಕ ಎದಿರ್ನೆಗೆ, 1868ರಲ್ಲಿ ಅಕ್ಕಾ ಕೋಟೆಗೆ. 1892ರಲ್ಲಿ ತೀರಿಕೊಳ್ಳುವವರೆಗೆ ಅವರು ಹುಟ್ಟೂರನ್ನು ಮತ್ತೆ ಕಾಣಲಿಲ್ಲ. ಇಂಥವರು ವೈರಿಯ ಮಗನಿಗೆ ಬರೆದ ಪತ್ರದಲ್ಲಿ ಕಟುವಾದ ಮಾತುಗಳಿವೆ, ಇಲ್ಲವೆಂದಲ್ಲ. ಆದರೆ ಆತ ಪಶ್ಚಾತ್ತಾಪಪಟ್ಟು ದೇವರಲ್ಲಿ ಹೇಳಿಕೊಳ್ಳಬಹುದಾದ ಪ್ರಾರ್ಥನೆಯನ್ನೂ ತಾವೇ ಬರೆದುಕೊಟ್ಟಿದ್ದಾರೆ. ಇದು ನಮ್ಮನ್ನು ಬೆರಗುಗೊಳಿಸಿತು.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪ್ರಸಂಗ. ಇಸ್ತಾಂಬುಲಿನಲ್ಲಿದ್ದಾಗ ಕಮಾಲ್ ಪಾಷಾ ಎಂಬ ತುರ್ಕಿ ಅಧಿಕಾರಿ ಬಹಾವುಲ್ಲಾರನ್ನು ಕಾಣಲು ಬಂದನಂತೆ. (ಆಧುನಿಕ ತುರ್ಕಿಯನ್ನು ಕಟ್ಟಿದ ಕೆಮಾಲ್ ಆಗಿನ್ನೂ ಹುಟ್ಟಿರಲಿಲ್ಲ, ಈತ ಬೇರೆ.) ಮಾತಿನ ನಡುವೆ ಆತ ತಾನು ಹಲವು ಭಾಷೆಗಳನ್ನು ಕಲಿತಿರುವೆನೆಂದ. ಮೆಚ್ಚುಗೆಯ ಬದಲು ಬಂದ ಉತ್ತರ, ಆತ ತನ್ನ ಆಯುಷ್ಯವನ್ನು ಹಾಳುಮಾಡಿಕೊಂಡನೆಂಬುದು! ಅಧಿಕಾರದಲ್ಲಿರುವವರು ಒಟ್ಟು ಸೇರಿ, ಇರುವ ಭಾಷೆಗಳಲ್ಲಿ ಒಂದನ್ನು ಆರಿಸಲಿ, ಇಲ್ಲವೇ ಹೊಸದನ್ನು ರಚಿಸಲಿ. ಲಿಪಿಗೂ ಹಾಗೆಯೇ ಮಾಡಲಿ. ಅದನ್ನು ಲೋಕದ ಶಾಲೆಗಳಲ್ಲೆಲ್ಲ ಕಲಿಸಿದರೆ ಮಗುವಿಗೆ ಎರಡೇ ಭಾಷೆ ಸಾಕು, ಒಂದು ತನ್ನದು, ಇನ್ನೊಂದು ಎಲ್ಲರದು. ಇದು ಅವರ ಸೂಚನೆ. ಪಾಷಾ ಬಹಳ ಸಂತೋಷಪಟ್ಟ. ಹಾಗಾದರೆ ಇದನ್ನು ಮಂತ್ರಿಗಳ ಮುಂದಿಡಿ ಎಂದರು ಬಹಾವುಲ್ಲಾ. ಆಮೇಲೂ ಪಾಷಾ ಹಲವು ಬಾರಿ ಬಂದುಹೋದ, ಆ ವಿಷಯವನ್ನು ಮಾತ್ರ ಮತ್ತೆ ಎತ್ತಲೇ ಇಲ್ಲ. ಮನವಿಪತ್ರ ಹಿಡಿದು ಕಚೇರಿಗಳ ಮೆಟ್ಟಿಲು ಹತ್ತಿದ ನಮ್ಮ ಗಡಿನಾಡಿನವರಿಗೆ ಈ ಮೌನವನ್ನು ವಿವರಿಸಬೇಕಾಗಿಲ್ಲ.

ನಿಜ ಹೇಳಬೇಕೆಂದರೆ ಮೊದಲ ಓದಿಗೆ ನಮಗೆ ಸಿಟ್ಟು ಬಂತು. ಮನೆಯಲ್ಲಿ ಹವ್ಯಕ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್. ಕಾಸರಗೋಡಿನವರಾದ ನಾವು ಇದನ್ನು ಹೆಮ್ಮೆಯೆಂದೇ ತಿಳಿದವರು. ನಮ್ಮ ಆಯುಷ್ಯವೂ ಹಾಳೇ? ತುಳು ಬಾರದಿದ್ದರೆ ಯಕ್ಷಗಾನದ ಚೌಕಿಯಲ್ಲಿ ನಗುವುದು ಹೇಗೆ? ಮಲಯಾಳ ಬಾರದಿದ್ದರೆ ನೆರೆಮನೆಯ ದುಃಖ ತಿಳಿಯುವುದು ಹೇಗೆ?

ಎರಡನೆಯ ಸಲ ಓದಿದಾಗ ಮಾತು ಯಾರಿಗೆ ಹೇಳಿದ್ದೆಂಬುದರತ್ತ ಗಮನ ಹರಿಯಿತು. ಅದು ಮಗುವಿಗೆ ಹೇಳಿದ್ದಲ್ಲ, ಅಧಿಕಾರವುಳ್ಳವನಿಗೆ ಹೇಳಿದ್ದು. ಪಾಷಾನಿಗೆ ಹಲವು ಭಾಷೆ ಒಡವೆ. ಕಲಿಯಲೇಬೇಕಾದ ಮಗುವಿಗೆ ಅದೇ ಹೊರೆ. ಹೊರೆ ಇಳಿಸಬಲ್ಲವನು ತನ್ನ ಒಡವೆ ತೋರಿಸುತ್ತ ಕುಳಿತರೆ ಅದು ತಪ್ಪಲ್ಲವೇ?

ಆಗ ನಮಗೆ ಹಳೆಯದೊಂದು ಸಂಗತಿ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಕನ್ನಡ ವಿಭಾಗವೊಂದಕ್ಕೆ ಕನ್ನಡ ತಿಳಿಯದ ಗಣಿತದ ಅಧ್ಯಾಪಕರು ಬಂದರು. ಅವರದೇನೂ ತಪ್ಪಿಲ್ಲ, ಕಳುಹಿಸಿದಲ್ಲಿಗೆ ಬಂದವರು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ನಮ್ಮಲ್ಲಿ ಬಂದು, "ಸರ್, ಲೆಕ್ಕ ಬರುತ್ತದೆ, ಲೆಕ್ಕದ ಮಾತು ಬರುವುದಿಲ್ಲ" ಎಂದಳು. ನಾವು ಬೆನ್ನು ತಟ್ಟಿ, "ಇನ್ನೊಂದು ಭಾಷೆ ಕಲಿತರೆ ನಷ್ಟವೇನು, ನಮ್ಮನ್ನು ನೋಡು" ಎಂದೆವು. ಸಾಂತ್ವನವೆಂದುಕೊಂಡು ಆಡಿದ ಆ ಮಾತು ಕಮಾಲ್ ಪಾಷಾನ ಮಾತೇ ಆಗಿತ್ತೆಂದು ಈ ಪತ್ರ ಓದುವವರೆಗೆ ನಮಗೆ ಹೊಳೆದಿರಲಿಲ್ಲ. ಆಕೆ ಕೇಳಿದ್ದು ಐದನೆಯ ಭಾಷೆಯನ್ನಲ್ಲ, ತನ್ನ ಮೊದಲನೆಯದನ್ನು.

ಸಂಶಯಗಳು ಉಳಿದೇ ಇವೆ. ಎಲ್ಲರ ಭಾಷೆಯೆಂದು ಆರಿಸಿದ್ದು ಬಲಾಢ್ಯರ ಭಾಷೆಯೇ ಆದರೆ? ಅದು ಮನೆಯ ಭಾಷೆಯನ್ನು ಮೆಲ್ಲನೆ ನುಂಗಿದರೆ? ಯಾವ ಭಾಷೆಯೆಂದು ಬಹಾವುಲ್ಲಾ ಅಲ್ಲಿ ವಿಧಿಸಿಲ್ಲ, ಆಯ್ಕೆಯನ್ನು ಸಮಾಲೋಚನೆಗೆ ಬಿಟ್ಟಿದ್ದಾರೆ. ಆದರೆ ಎರಡರ ಲೆಕ್ಕದಲ್ಲಿ ಮೊದಲು ಬರುವುದು ಮಗುವಿನ ಸ್ವಂತ ನುಡಿ. ಅದನ್ನು ಬಿಟ್ಟು ಎಣಿಸಿದರೆ ಲೆಕ್ಕವೇ ತಪ್ಪುತ್ತದೆ. 1956ರಲ್ಲಿ ಊರು ಬಿಡದೆಯೇ ರಾಜ್ಯ ಬದಲಾದ ನಾವು ಕೇಳುತ್ತ ಬಂದುದೂ ಇಷ್ಟನ್ನೇ. ಮಲಯಾಳ ಬೇಡವೆಂದಲ್ಲ, ಎಣಿಕೆ ಕನ್ನಡದಿಂದ ಆರಂಭವಾಗಲಿ ಎಂದು.

ಪುಸ್ತಕವನ್ನು ಮಿತ್ರರಿಗೆ ಮರಳಿಸಿದ್ದಾಯಿತು. ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ, ಬಸ್ಸಿನಲ್ಲಿ ಕಂಡರೆ ಇಂದಿಗೂ ಎದ್ದು ಸ್ಥಳ ಬಿಟ್ಟುಕೊಡುತ್ತಾಳೆ. ಅಂದು ಆಡಿದ ಮಾತನ್ನು ಅವಳೆದುರು ಹಿಂತೆಗೆದುಕೊಳ್ಳುವುದು ನಮಗೆ ಇನ್ನೂ ಬಾಕಿಯಿದೆ.