ನಿಮಗಿದು ಗೊತ್ತೆ? ಹಾಯಿಗೂ ಬೇಕಿತ್ತು ಕಾಚು!

ಎಲೆ ಅಡಿಕೆಯ ಜೊತೆ ಬಾಯಿ ಕೆಂಪಾಗಿಸುವ ಕಾಚು ಒಂದು ಕಾಲದಲ್ಲಿ ಬ್ರಿಟನ್ನಿನ ಮೀನುಗಾರರ ಹಾಯಿಗಳನ್ನು ಕಾಪಾಡುತ್ತಿತ್ತು. ಕಗ್ಗಲಿ ಮರದ ಚೇಗನ್ನು ಬೇಯಿಸಿ ತೆಗೆದ ಈ ಕಾಚು 19ನೇ ಶತಮಾನದಲ್ಲಿ ಭಾರತ, ಬರ್ಮಾಗಳಿಂದ ಹಡಗೇರಿ ಅಲ್ಲಿಗೆ ಹೋಗುತ್ತಿತ್ತು. ಅದಕ್ಕೂ ಮೊದಲು ಅವರು ನೆಚ್ಚಿದ್ದು ಓಕ್ ಮರದ ತೊಗಟೆಯನ್ನು. ದೊಡ್ಡ ಹಂಡೆಗಳಲ್ಲಿ ಕಾಚಿನ ನೀರು ಕುದಿಸಿ, ಹತ್ತಿಯ ಹಾಯಿ, ಬಲೆಗಳನ್ನು ಅದರಲ್ಲಿ ಅದ್ದುತ್ತಿದ್ದರು. ಕಾಚಿನ ಒಗರಿಗೆ ಕಾರಣವಾದ ಟ್ಯಾನಿನ್, ಬಟ್ಟೆ ಬೇಗ ಕೊಳೆಯದಂತೆ ತಡೆಯುತ್ತಿತ್ತು. ಹಳೆಯ ಮೀನುದೋಣಿಗಳ ಚಿತ್ರಗಳಲ್ಲಿ ಕಾಣುವ ಹಾಯಿಗಳ ಆ ಚೆಂದದ ಕೆಂಗಂದು ಬಣ್ಣ ಅಲಂಕಾರಕ್ಕೆ ಬಳಿದದ್ದಲ್ಲ, ಇಂಥ ಕಷಾಯದ್ದು. ಒಮ್ಮೆ ಅದ್ದಿದರೆ ಸಾಲದು. ಮತ್ತೆ ಮತ್ತೆ ಅದ್ದಬೇಕಿತ್ತು.

ಇಂದಿನ ಹಾಯಿಗಳು ಹೆಚ್ಚಾಗಿ ಪಾಲಿಯೆಸ್ಟರಿನವು. ಹತ್ತಿಯಂತೆ ಅವು ಕೊಳೆಯುವುದಿಲ್ಲ, ಆದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ನೂಲು ಬಲ ಕಳೆದುಕೊಳ್ಳುತ್ತದೆ. ಉಪ್ಪಿನ ಕಾಟವೂ ಕಡಿಮೆಯದಲ್ಲ. ಅದರ ಹರಳುಗಳು ಬಟ್ಟೆ, ಹೊಲಿಗೆಗಳನ್ನು ಉಜ್ಜಿ ಸವೆಸುತ್ತವೆ. ಗಾಳಿಯ ತೇವ ಹೀರಿ ಹಾಯಿಯನ್ನು ಹಸಿಯಾಗಿಯೇ ಇಡುತ್ತವೆ. ಬೂಷ್ಟು ಹಿಡಿಯಲು ಅಷ್ಟು ಸಾಕು. ಹಾಗಾಗಿ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಸುರುಳಿ ಸುತ್ತಿ ಗಾಳಿಯಾಡುವ ಕಡೆ ಇಡುವುದೇ ಒಳ್ಳೆಯದು. ಮಡಿಸಲೇಬೇಕಾದರೆ ಪ್ರತಿಸಲವೂ ಅದೇ ಗೆರೆಯಲ್ಲಿ ಬೇಡ. ಗಾಳಿಗೆ ಪಟಪಟ ಬಡಿಯಲು ಬಿಟ್ಟು ಒಣಗಿಸುವುದಂತೂ ಹಾಯಿಯ ಆಯುಸ್ಸನ್ನೇ ತಿನ್ನುತ್ತದೆ. ನೈಲಾನ್ ಹಾಯಿಗೆ ಕ್ಲೋರಿನ್ ಬ್ಲೀಚ್ ತಾಗಿಸಲೇಬೇಡಿ. ಕಲೆಯ ಜೊತೆ ನೂಲೂ ಹಾಳಾಗುತ್ತದೆ.